ಡಬ್ಬಿಯೊಳಗಿನ ಪದಗಳು

ಸಂಶಿ ಬಸ್‌ಸ್ಟ್ಯಾಂಡಿನ ಎದುರಿಗೆ ನನ್ನ ಟೈಪಿಂಗ್ ಅಂಗಡಿ. ಅರ್ಜಿ, ಬಾಂಡ್, ಲಗ್ನಪತ್ರಿಕೆ, ಝೆರಾಕ್ಸ್, ಏನು ಬಂದರೂ ಇಲ್ಲ ಅನ್ನುವುದಿಲ್ಲ. ಆರನೆಯ ಇಯತ್ತೆಗೆ ಸಾಲಿ ಬಿಟ್ಟು ಗುಡಗೇರಿ ಸಂತೆಯಲ್ಲಿ ಕಾಳಿನ ಚೀಲ ಹೊತ್ತವನು ನಾನು. ಕೀಬೋರ್ಡು ನನಗೆ ಯಾರೂ ಕಲಿಸಲಿಲ್ಲ. ಹುಬ್ಬಳ್ಳಿಯ ಒಂದು ಪ್ರೆಸ್ಸಿನಲ್ಲಿ ಕಸ ಹೊಡೆಯುತ್ತ, ಟೈಪು ಮಾಡುವವರ ಬೆರಳು ನೋಡಿ ಕಲಿತೆ. ಇವತ್ತಿಗೂ ಕೀಲಿಯ ಕಡೆ ನೋಡುವುದಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ. ಜಂಬ ಪಡಲು ನನಗೆ ಬೇರೆ ಆಸ್ತಿ ಇಲ್ಲ.

ನನ್ನ ಬಾಜು ಅಂಗಡಿ ಒಬ್ಬ ದರ್ಜಿಯದು. ನಡುವೆ ಪ್ಲೈವುಡ್ಡಿನ ಗೋಡೆ. ಚಹಾದ ಕಪ್ಪು ದಾಟಿಸಲು ಅವನೇ ಅದರಲ್ಲೊಂದು ಕಿಂಡಿ ಕೊರೆದಿದ್ದ. ಸಾಲಿಯ ಯೂನಿಫಾರ್ಮ್, ಜಂಪರು, ಗಾದಿಯ ಕವರು ಹೊಲಿಯುತ್ತಿದ್ದ. ಆದರೆ ಊರಿನಲ್ಲಿ ಅವನ ಹೆಸರು ನಿಂತದ್ದು ಹೊಲಿಗೆಯಿಂದಲ್ಲ, ಪದಗಳಿಂದ. ನಮ್ಮ ಕಡೆ ಹಾಡಿಗೆ ಪದ ಅನ್ನುತ್ತೇವೆ. ಮೊಹರಮ್ ಬಂತೆಂದರೆ ಕರ್ಬಲಾದ ಕಾಳಗದ ಕಥೆಯನ್ನು ಕಟ್ಟಿ ಹಾಡುವ ರಿವಾಯತ ಪದ ನಮ್ಮಲ್ಲಿ ಎಲ್ಲ ಜಾತಿಯವರೂ ಹಾಡುತ್ತಾರೆ. ಮುಂದೆ ಒಬ್ಬ ಸಾಲು ಹೇಳುತ್ತಾನೆ, ಹಿಂದೆ ಮ್ಯಾಳದವರು ಪಲ್ಲವಿ ಹಿಡಿಯುತ್ತಾರೆ. ಸಾಲು ಹೇಳುವವನೂ ಕಟ್ಟುವವನೂ ನಮ್ಮೂರಲ್ಲಿ ಇವನೊಬ್ಬನೇ.

ಮೊಹರಮ್ ಹತ್ತಿರ ಬಂದಾಗ ಮಧ್ಯಾಹ್ನದ ಬಸ್ಸು ಹೋಗಿ ಗಿರಾಕಿ ತೆಳುವಾದ ಹೊತ್ತಿಗೆ ಕಿಂಡಿಯಿಂದ ದನಿ ಬರುತ್ತಿತ್ತು.

"ಕಂಪ್ಯೂಟರ್ ಸಾಹೇಬ್ರ, ಬಿಡುವು ಐತೇನ್ರಿ?"

"ನಿನಗೆಲ್ಲಿ ಬಿಡುವು ಲೇ. ಹೇಳು, ಬೆರಳು ಕಾಯಾಕತ್ತಾವ."

ಅವನು ಮಷೀನಿನ ಮುಂದೆಯೇ ಕೂತು ಹೇಳುತ್ತಿದ್ದ. ಸೂಜಿಯಿಂದ ದಾರ ತೆಗೆದುಬಿಟ್ಟು ಬರಿಯ ಕಾಲುಮಣೆ ತುಳಿಯುತ್ತಿದ್ದ. ಟಕಟಕ ಟಕಟಕ ತಾಳ ಬೀಳುತ್ತಿತ್ತು, ಆ ತಾಳದ ಮೇಲೆ ಸಾಲು ಬರುತ್ತಿತ್ತು. ಕಾಲು ನಿಂತರೆ ಸಾಲೂ ನಿಲ್ಲುತ್ತಿತ್ತು. ಒಂದು ಶಬ್ದ ತಪ್ಪಿಸಿಕೊಂಡು ನಾನು "ಹೊಳ್ಳಿ ಹೇಳೋ" ಅಂದರೆ ಸಿಟ್ಟಿಗೇಳುತ್ತಿದ್ದ. "ಹೊಳ್ಳಿ ಹೇಳಿದ್ರ ಅದು ಬ್ಯಾರೇನ ಆಗ್ತೈತಿ. ಹೇಳಿದಾಗ ಹಿಡಕೋಬೇಕು. ಅದಕ್ಕಲ್ಲೇನು ನಿನ್ನ ಸಾಕಿದ್ದು?"

ಅವನ ಕಣ್ಣಿಗೆ ಕಾಣಲೆಂದು ದೊಡ್ಡ ಅಕ್ಷರ ಇಟ್ಟು, ಸಾಲಿನ ನಡುವೆ ಜಾಗ ಬಿಟ್ಟು ಪ್ರಿಂಟು ತೆಗೆದು ಕೊಡುತ್ತಿದ್ದೆ. ಆ ಕಾಗದ ಹಿಡಿದು ಅವನು ಮೊಹರಮ್ಮಿನಷ್ಟೂ ದಿನ ಹಾಡುತ್ತಿದ್ದ. ದೇವರನ್ನು ಹೊಳೆಗೆ ಕಳಿಸುವ ದಿನ ಅದೇ ಕಾಗದವನ್ನು ಮಸೀದಿ ಮುಂದಿನ ಅಲಾವಿಗೆ, ಅಂದರೆ ಹಬ್ಬಕ್ಕೆಂದು ತೋಡಿದ ಬೆಂಕಿಯ ಕುಣಿಗೆ ಹಾಕುತ್ತಿದ್ದ. ಒಂದು ವರ್ಷದ ಪದ ಇನ್ನೊಂದು ವರ್ಷ ಹಾಡುವಂತಿಲ್ಲ ಎಂಬುದು ಅವನಪ್ಪನ ಕಾಲದಿಂದ ಅವರ ಮನೆಯ ನೇಮ.

"ಕಾಗದ ಅಲಾವಿಗೆ, ಪದ ನಿನ್ನ ಡಬ್ಬಿಗೆ," ಅನ್ನುತ್ತಿದ್ದ. ಡಬ್ಬಿ ಅಂದರೆ ನನ್ನ ಕಂಪ್ಯೂಟರು.

"ನನ್ನ ಡಬ್ಬಿ ನಿನ್ನ ತಲಿಗಿಂತ ಗಟ್ಟಿ ಐತಿ ಲೇ. ನೀ ಮರತರೂ ಅದು ಮರಿಯೂದಿಲ್ಲ."

ಎಷ್ಟು ವರ್ಷ ಈ ಮಾತು ಆಡಿದೆನೋ. ಆಡುವಾಗ ನಂಬಿಯೇ ಆಡಿದ್ದೆ.

ಈ ವರ್ಷ ರಮ್ಜಾನ್ ಹಬ್ಬ ಆದ ಮೇಲೆ ಅವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಕಣ್ಣು ಇದೆ, ಕಿವಿ ಇದೆ, ಎಡಗೈ ಎಡಗಾಲು ಆಡುತ್ತವೆ, ಆದರೆ ಎಡಗೈಯಲ್ಲಿ ಬರೆಯಲು ಆಗುವುದಿಲ್ಲ. ಹುಬ್ಬಳ್ಳಿಯ ಡಾಕ್ಟರು ತಿಳಿವಳಿಕೆ ಪೂರಾ ಇದೆ ಅಂದರು. ಅದನ್ನು ಅವರು ಸಮಾಧಾನಕ್ಕೆ ಹೇಳಿದರೋ ಏನೋ, ನನಗೆ ಅದೇ ಹೆಚ್ಚು ಸಂಕಟವಾಯಿತು.

ಮೊಹರಮ್ಮಿನ ಚಂದ್ರ ಕಾಣಲು ಕೆಲವೇ ವಾರ ಇದ್ದಾಗ ಅವನ ಮಗಳು ಅಂಗಡಿಗೆ ಬಂದಳು. ಪ್ರಾಥಮಿಕ ಶಾಲೆಯಲ್ಲಿ ಟೀಚರು. ಕೈಯಲ್ಲಿ ಇನ್ನೂ ಸಾಲಿಯ ಸೀಮೆಸುಣ್ಣದ ಪುಡಿ ಇತ್ತು.

"ಕಾಕಾ, ಮ್ಯಾಳದವ್ರು ಮನಿಗೆ ಬಂದಿದ್ರು. ಹೊಸಾ ಪದ ಇಲ್ಲಂದ್ರ ಈ ಸಲ ಹಳೇವ ಹಾಡೂಣು, ಅವರ ಕಿವಿಗೆ ಬೀಳ್ಲಿ ಅಂದ್ರು. ಅಬ್ಬಾ ಒಪ್ಪಿದ್ರು."

"ಹ್ಯಾಂಗ ಒಪ್ಪಿದ?"

"ಎಡಗೈ ನಿಮ್ಮ ಅಂಗಡಿ ಕಡೆ ಮಾಡಿದ್ರು. ಆಮ್ಯಾಲೆ ಅತ್ರು."

ಮ್ಯಾಳದವರಿಗೆ ಪಲ್ಲವಿ ಮಾತ್ರ ಬರುತ್ತಿತ್ತು. ಸಾಲುಗಳು ಅವನ ಬಾಯಲ್ಲಿದ್ದವು. ಬಾಯಿ ಹೋಗಿತ್ತು. ಉಳಿದದ್ದು ನನ್ನ ಡಬ್ಬಿ.

"ಅದಕ್ಕ ಯಾಕ ಚಿಂತಿ ಮಾಡ್ತಿ ತಂಗಿ," ಅಂದೆ. "ಅಲ್ಲೇ ನಿಂದ್ರು. ಚಹಾ ಕುಡಿಯೂದ್ರಾಗ ತಗದು ಕೊಡ್ತೀನಿ."

ಅವಳು ಚಹಾ ಕುಡಿದಳು. ಇನ್ನೊಂದು ತರಿಸಿದೆ, ಅದನ್ನೂ ಕುಡಿದಳು. ಕಂಪ್ಯೂಟರಿನಲ್ಲೇ ಇರುವ ಹುಡುಕುವ ಡಬ್ಬದಲ್ಲಿ ನಾನು 'ರಿವಾಯತ' ಎಂದು ಹೊಡೆದಿದ್ದೆ. ಮೇಲಿನ ಪಟ್ಟಿಯಲ್ಲಿ ಹಸಿರು ಗೆರೆಯೊಂದು ಹುಳದ ಹಾಗೆ ಹರಿಯುತ್ತಿತ್ತು. ಹುಡುಕುತ್ತಿದೆ, ಹುಡುಕುತ್ತಿದೆ ಅಂತಿತ್ತು. ಕೊನೆಗೆ ಏನೂ ಸಿಗಲಿಲ್ಲ ಅಂತು. ಕೆಳಗಿನ ಪಟ್ಟಿಯ ಇನ್ನೊಂದು ಡಬ್ಬದಲ್ಲಿ ಹೊಡೆದರೆ ಅದು ಇಂಟರ್ನೆಟ್ಟಿಗೆ ಹೋಗಿ ಯಾವುದೋ ಸುದ್ದಿ, ಬೆಂಗಳೂರಿನ ಮಳೆ, ಮೊಬೈಲಿನ ಜಾಹೀರಾತು ತಂದು ಸುರಿಯಿತು. ನನ್ನ ಮನೆಯೊಳಗಿನ ಸಾಮಾನು ಕೇಳಿದರೆ ಊರ ಸಂತೆಯಲ್ಲಿ ಹುಡುಕುವ ಬುದ್ಧಿ ಅದಕ್ಕೆ ಯಾರು ಕೊಟ್ಟರೋ.

"ನಾಳೆ ಬಾರವ್ವಾ," ಅಂದೆ.

"ನಮ್ಮ ಸಾಲ್ಯಾಗ ಕಂಪ್ಯೂಟರ್ ಸರ್ ಅದಾರ್ರಿ, ಕೇಳ್ಲೇನು?"

"ಬ್ಯಾಡ." ಅವಳಿಗೆ ಬೇಜಾರಾಗುವಷ್ಟು ಜೋರಾಗಿ ಅಂದೆ. ಅಂಗಡಿ ನನ್ನದು, ಡಬ್ಬಿ ನನ್ನದು, ಮಾತು ಕೊಟ್ಟವನು ನಾನು.

ಮರುದಿನ ಹುಬ್ಬಳ್ಳಿಯಲ್ಲಿ ನನ್ನ ಕಂಪ್ಯೂಟರು ರಿಪೇರಿ ಮಾಡುವವನಿಗೆ ಫೋನು ಹಚ್ಚಿದೆ. ರಿಪೇರಿಗಾದರೆ ಕೇಳಬಹುದು, ಅದರಲ್ಲಿ ಮರ್ಯಾದೆ ಹೋಗುವುದಿಲ್ಲ. ಅವನು ನಕ್ಕ. "ಅದರ ಜೋಡಿ ಬಂದ ಹುಡುಕೋದನ್ನ ಯಾರ್ರೀ ನಂಬತಾರ? ಅದು ಗೌರ್ಮೆಂಟ್ ಆಫೀಸು ಇದ್ದಂಗ. ಫೈಲು ಕೇಳಿದ್ರ ಕುಂದ್ರಿಸ್ತೈತಿ. ಒಂದು ಸಣ್ಣ ಸಾಫ್ಟ್‌ವೇರ್ ಲಿಂಕ್ ಕಳಸ್ತೇನಿ. ಫುಕಟ್ ಐತಿ, ರೊಕ್ಕ ಬ್ಯಾಡ. ಹಾಕ್ಕೋರಿ."

ಅದು ನಿಜಕ್ಕೂ ಜಾದೂ ಇತ್ತು. ಒಂದು ಅಕ್ಷರ ಹೊಡೆಯುವಷ್ಟರಲ್ಲಿ ಆ ಅಕ್ಷರವಿದ್ದ ಎಲ್ಲ ಫೈಲುಗಳ ಹೆಸರು ಬಂದು ಸಾಲಾಗಿ ನಿಲ್ಲುತ್ತಿದ್ದವು. ಹಸಿರು ಹುಳ ಇಲ್ಲ, ಕಾಯುವುದಿಲ್ಲ. ಇಷ್ಟು ವರ್ಷ ಇದನ್ನು ಬಿಟ್ಟು ಆ ಮುದಿ ಎತ್ತಿನ ಹಿಂದೆ ನಡೆದೆನಲ್ಲ ಅನಿಸಿತು. ಆದರೆ ಅದು ನೋಡುತ್ತಿದ್ದುದು ಫೈಲಿನ ಹೆಸರನ್ನು ಮಾತ್ರ. ಹೆಸರುಗಳೇನಿದ್ದವು? ನ್ಯೂ. ನ್ಯೂ ನ್ಯೂ. ಲಾಸ್ಟ್. ಲಾಸ್ಟ್ ಫೈನಲ್. ಒಂದು. ಒಂದು ಒಂದು. ಎಎಎ.

ಯಾಕೆ ಹಾಗೆಂದು ಹೇಳಬೇಕು. ನಾವು ಹಳೆಯ ಟೈಪಿನವರು ಬಳಸುವ ಕನ್ನಡ ಅಕ್ಷರ ಕಣ್ಣಿಗಷ್ಟೇ ಕನ್ನಡ. ಒಳಗೆ ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಗೀಟು, ಚುಕ್ಕಿ, ಬಾಲ ಇಟ್ಟ ಒಂದು ಗೊಜ್ಜು. ಹೊಸ ಫೈಲು ಉಳಿಸಲು ಹೋದರೆ ಕಂಪ್ಯೂಟರು ಮೊದಲ ಸಾಲನ್ನೇ ಹೆಸರಾಗಿ ಮುಂದಿಡುತ್ತದೆ, ಅದೂ ಆ ಗೊಜ್ಜಿನಲ್ಲಿ. ಓದಲು ಬರದ ಆ ಹೆಸರು ಯಾರಿಗೆ ಬೇಕು? ಅಳಿಸಿ 'ನ್ಯೂ' ಎಂದು ಹೊಡೆಯುತ್ತಿದ್ದೆ. ಕುಂದಗೋಳದಿಂದ ಅಣ್ಣಿಗೇರಿಯವರೆಗೆ ನನ್ನಂಥ ಅಂಗಡಿಯವರೆಲ್ಲ ಹಾಗೇ ಮಾಡುತ್ತಾರೆ.

ಹೀಗಾಗಿ ಒಂದೊಂದೇ 'ನ್ಯೂ' ತೆರೆದು ನೋಡಲು ಕೂತೆ. ಗಿರಾಕಿಗಳು ನಿಂತು ನಿಂತು ಬೈಯುತ್ತಿದ್ದರು. ನಳದ ಅರ್ಜಿಗೆ ಬಂದ ಒಬ್ಬಾಕೆ, "ಏನೋ ಯಪ್ಪಾ, ಎಮ್ಮಿ ಕಳಕೊಂಡಾವನಂಗ ಕುಂತೀಯಲ್ಲ, ನನ್ನ ಅರ್ಜಿ ಯಾವಾಗ?" ಅಂದಳು.

"ಎಮ್ಮಿ ಆಗಿದ್ರ ಒದರತಿತ್ತವ್ವಾ," ಅಂದೆ.

ಸಾಕಾಗಿ ಮತ್ತೆ ಹುಬ್ಬಳ್ಳಿಗೆ ಫೋನು. ಆತ ಇನ್ನೊಂದು ಸಾಫ್ಟ್‌ವೇರು ಕಳಿಸಿದ. ಇದು ಹೆಸರಲ್ಲ, ಫೈಲಿನ ಹೊಟ್ಟೆಯೊಳಗೆ ಕೈ ಹಾಕಿ ಹುಡುಕುವಂಥದ್ದು. ಮೊದಲು ಇಡೀ ಡಬ್ಬಿ ಓದಿಕೊಳ್ಳಬೇಕು ಅಂತು, ಅರ್ಧ ದಿನ ಓದಿತು. ಫ್ಯಾನಿನ ಸದ್ದು ಕೇಳಿ ನನಗೆ ಅದು ನಿಜವಾಗಿ ದುಡಿಯುತ್ತಿದೆ ಅನಿಸಿ ಖುಷಿಯಾಯಿತು. ಆಮೇಲೆ 'ಕರ್ಬಲಾ' ಎಂದು ಕನ್ನಡದಲ್ಲಿ ಹೊಡೆದೆ. ಸೊನ್ನೆ. ಅವನು ಪ್ರತಿ ಪದದ ಕೊನೆಗೆ ಊರ ಹೆಸರು ಹಾಕುತ್ತಿದ್ದನೆಂದು 'ಸಂಶಿ' ಹೊಡೆದೆ. ಸೊನ್ನೆ. ನಾನು ಹುಟ್ಟಿ ಬೆಳೆದ ಊರು ನನ್ನ ಕಂಪ್ಯೂಟರಿನಲ್ಲಿ ಎಲ್ಲೂ ಇಲ್ಲವಂತೆ.

ಊಟ ಮಾಡುತ್ತ ಕೂತಾಗ ಹೊಳೆಯಿತು. ಅದಕ್ಕೆ ಗೊತ್ತಿರುವುದು ಗೊಜ್ಜು, ಗೊಜ್ಜಿನಲ್ಲೇ ಕೇಳಬೇಕು. ಕೈ ತೊಳೆದುಕೊಂಡು ಅಂಗಡಿಗೆ ಓಡಿದೆ. ಹಳೆಯ ಅಕ್ಷರದಲ್ಲಿ 'ಸಂಶಿ' ಟೈಪು ಮಾಡಿ, ಅದನ್ನು ಎತ್ತಿ, ಹುಡುಕುವ ಡಬ್ಬದಲ್ಲಿಟ್ಟೆ. ಅಲ್ಲಿ ಅದು ಗೀಟು ಚುಕ್ಕಿಯಾಗಿ ಕಂಡಿತು. ಎಂಟರ್ ಒತ್ತಿದೆ. ಊರಿಗೆ ಊರೇ ಎದ್ದು ಬಂತು! ಸಂಶಿಯ ಪ್ರತಿಯೊಬ್ಬನ ಅರ್ಜಿ, ಪ್ರತಿಯೊಬ್ಬನ ವಿಳಾಸ. ಇದು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಒಬ್ಬನೇ ಅಂಗಡಿಯಲ್ಲಿ ಎದ್ದು ನಿಂತು, ಕಿಂಡಿಯ ಕಡೆ ತಿರುಗಿ, "ಸಿಕ್ಕತಲೇ!" ಅಂದೆ. ಆಚೆ ಮಷೀನಿನ ಮೇಲೆ ಅವನ ಮಗಳು ಹೊದಿಸಿದ ಬಟ್ಟೆ ಇತ್ತು.

ಆದರೆ ಈ ರಾಶಿಯಲ್ಲಿ ಪದ ಹುಡುಕಲು ಅರ್ಜಿಗಳಲ್ಲಿ ಎಂದೂ ಬಾರದ ಮಾತು ಬೇಕು. ಅದೇ ರೀತಿ 'ಕರ್ಬಲಾ' ಹಾಕಿದೆ. ಫೈಲುಗಳು ಬಂದವು. ಮೊದಲನೆಯದನ್ನು ತೆರೆದೆ.

ಮಾನ್ಯ ತಹಶೀಲ್ದಾರರಿಗೆ, ಎಂದಿತ್ತು. ಜಾತಿ ಪ್ರಮಾಣಪತ್ರದ ಅರ್ಜಿ. ಎರಡನೆಯದು ಬಸ್ ಪಾಸು. ಮೂರನೆಯದು ಸೀಮಂತದ ಆಮಂತ್ರಣ. ಸಾಫ್ಟ್‌ವೇರು ಹುಚ್ಚು ಹಿಡಿದಿದೆ ಅಂದುಕೊಂಡೆ. ಬಸ್ ಪಾಸಿನ ಅರ್ಜಿಯಲ್ಲಿ ಕರ್ಬಲಾ ಎಲ್ಲಿಂದ ಬರಬೇಕು? ಮೇಲಿಂದ ಕೆಳಗೆ ಓದಿದೆ, ಇಲ್ಲ. ಮತ್ತೆ ಓದಿದೆ. ಆಮೇಲೆ ಸಾಫ್ಟ್‌ವೇರಿನ ಪಟ್ಟಿ ನೋಡಿದೆ. ಅದು ಮಾತು ಸಿಕ್ಕ ಜಾಗವನ್ನು ತೋರಿಸುತ್ತಿತ್ತು. ಸಿಕ್ಕದ್ದು ಕಾಗದದ ಮೇಲಲ್ಲ. ಪ್ರತಿ ಫೈಲಿನ ಬೆನ್ನಿಗೆ ಕಂಪ್ಯೂಟರು ತಾನೇ ಒಂದು ಚೀಟಿ ಅಂಟಿಸಿರುತ್ತದೆ, ಯಾರು ಮಾಡಿದ್ದು, ಶೀರ್ಷಿಕೆ ಏನು ಎಂದು. ಶೀರ್ಷಿಕೆಯ ಜಾಗದಲ್ಲಿ ಒಂದು ಸಾಲು ಗೊಜ್ಜು ಇತ್ತು. ಅದನ್ನು ಎತ್ತಿ ಹಾಳೆಯ ಮೇಲೆ ಇಟ್ಟು ಹಳೆಯ ಅಕ್ಷರ ಹಚ್ಚಿದೆ.

ಕರ್ಬಲಾದಾಗ ಕೂಸು ನೀರು ಕೇಳಿತಲ್ಲೋ

ಅವನ ಸಾಲು. ಮಷೀನಿನ ತಾಳದ ಸಮೇತ ಕಿವಿಗೆ ಬಿತ್ತು.

ಅಷ್ಟರಲ್ಲೇ ನನಗೆ ಎಲ್ಲಾ ತಿಳಿಯಿತು. ಆದರೂ ಸಂಜೆಯವರೆಗೆ ತಿಳಿಯದವನ ಹಾಗೆ ಉಳಿದ ಫೈಲು ತೆರೆಯುತ್ತಲೇ ಇದ್ದೆ.

ನಮ್ಮ ಕೆಲಸದ ರೀತಿ ಹೀಗೆ. ಹೊಸ ಫೈಲು ತೆರೆದರೆ ಅಕ್ಷರ ಬದಲಾಗುತ್ತದೆ, ಅಂಚು ಬದಲಾಗುತ್ತದೆ, ಮತ್ತೆ ಎಲ್ಲ ಹೊಂದಿಸಬೇಕು. ಗಿರಾಕಿ ತಲೆ ಮೇಲೆ ನಿಂತಿರುತ್ತಾನೆ, ಬಸ್ಸು ಹಾರನ್ ಹೊಡೆಯುತ್ತಿರುತ್ತದೆ. ಅದಕ್ಕೆ ಕಣ್ಣ ಮುಂದೆ ಯಾವ ಫೈಲು ತೆರೆದಿದೆಯೋ ಅದರದೇ ಬರಹ ಅಳಿಸಿ, ಅದರ ಮೇಲೇ ಹೊಸದನ್ನು ಟೈಪು ಮಾಡಿ, ಪ್ರಿಂಟು ಕೊಟ್ಟು, ಉಳಿಸು ಒತ್ತಿಬಿಡುವುದು. ಕೈ ತಾನೇ ಒತ್ತುತ್ತದೆ. ಅವನ ಪದಕ್ಕೆ ಮಾತ್ರ ನಾನು ಪ್ರತಿ ಸಲ ಹೊಸ ಫೈಲು ತೆರೆದು, ಅಚ್ಚುಕಟ್ಟಾಗಿ ಅಂಚು ಇಟ್ಟು, ಅಗದಿ ಚಂದ ಮಾಡುತ್ತಿದ್ದೆ. ಅದು ನಾನು ಅವನಿಗೆ ಕೊಡುತ್ತಿದ್ದ ಮರ್ಯಾದೆ. ಅವನು ಕಾಗದ ಹಿಡಿದು ಹೋದ ಮೇಲೆ ಬರುವ ಮೊದಲ ಗಿರಾಕಿಗೆ ಆ ಚಂದದ ಫೈಲೇ ಕಣ್ಣ ಮುಂದೆ ತೆರೆದಿರುತ್ತಿತ್ತು. ಪದ ಹೋಯಿತು, ಅರ್ಜಿ ಕೂತಿತು. ಮೊದಲ ಸಲ ಉಳಿಸಿದಾಗಲೇ ಕಂಪ್ಯೂಟರು ಮೊದಲ ಸಾಲು ಬರೆದು ಅಂಟಿಸಿದ ಚೀಟಿ ಮಾತ್ರ ಬೆನ್ನ ಮೇಲೆ ಉಳಿಯಿತು. ಅಳಿಸಲು ಯಾರಿಗೂ ನೆನಪಾಗದ್ದರಿಂದ ಉಳಿಯಿತು.

ಹುಬ್ಬಳ್ಳಿಯವನಿಗೆ ಕೊನೆಯ ಸಲ ಫೋನು ಮಾಡಿದೆ. ಹೋದ ಫೈಲು ತರುವ ಸಾಫ್ಟ್‌ವೇರು ಇರುತ್ತದಲ್ಲ ಅಂದೆ.

"ಅಳಿಸಿದ್ದು ಬರ್ತೈತ್ರಿ. ಅದರ ಮ್ಯಾಲೆ ಬ್ಯಾರೆ ಬರದ್ರ ಬರಂಗಿಲ್ಲ."

"ಹುಡುಕಾಕ ಇದಕ್ಕಿಂತ ಚಲೋದು ಇನ್ನೊಂದು ಇಲ್ಲೇನು?"

"ಕಾಕಾ, ಇಲ್ಲದ್ದನ್ನ ಯಾವದು ಹುಡುಕ್ತೈತ್ರಿ?"

ಹಾಗಿದ್ದೂ ಎರಡನ್ನು ಹಾಕಿ ನೋಡಿದೆ. ಒಂದು ಫೈಲುಗಳನ್ನು ಬಣ್ಣಬಣ್ಣದ ಚೌಕಗಳಾಗಿ ತೋರಿಸಿತು. ಇನ್ನೊಂದು ಹತ್ತಿರದ ಮಾತನ್ನೂ ಹುಡುಕುತ್ತೇನೆ ಅಂದಿತು. ಎಲ್ಲವೂ ಮೊದಲಿನ ಹಸಿರು ಹುಳಕ್ಕಿಂತ ಎಷ್ಟೋ ಪಾಲು ಮೇಲು. ಎಲ್ಲವೂ ಅದೇ ಚೀಟಿಗಳನ್ನೇ ತಂದವು. ಶೀರ್ಷಿಕೆಯ ಕಾಲಂ ಒಂದನ್ನೇ ಇಟ್ಟು ಕೆಳಗಿನವರೆಗೆ ಇಳಿದೆ. ಗೊಜ್ಜಿನ ಸಾಲುಗಳನ್ನು ಒಂದೊಂದೇ ಎತ್ತಿ ಕನ್ನಡ ಮಾಡಿದೆ. ಎಲ್ಲ ಸೇರಿ ಒಂದು ಹಾಳೆ ಪೂರ್ತಿ ತುಂಬಲಿಲ್ಲ. ಎಲ್ಲಾ ಮೊದಲ ಸಾಲು. ಎರಡನೆಯ ಸಾಲು ಒಂದಕ್ಕೂ ಇಲ್ಲ.

ಹಾಳೆ ತೆಗೆದುಕೊಂಡು ಮಧ್ಯಾಹ್ನ ಅವನ ಮನೆಗೆ ಹೋದೆ. ಬಾಗಿಲಲ್ಲೇ ಮಗಳು ಹಾಳೆ ನೋಡಿ ನಕ್ಕಳು. ಬಹಳ ದಿನದ ಮೇಲೆ ನಕ್ಕಿದ್ದಳು. "ಅಬ್ಬಾ, ಕಾಕಾ ತಂದ್ರು!" ಅಂತ ಒಳಗೆ ಕೂಗಿದಳು. ನನಗೆ ಅಲ್ಲಿಂದಲೇ ತಿರುಗಿ ಹೋಗಬೇಕು ಅನಿಸಿತು.

ಅವನು ಕಬ್ಬಿಣದ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ. ಎಡಗಾಲು ಮಂಚದ ಸರಳಿಗೆ ತಾಗಿತ್ತು. ನನ್ನನ್ನು ನೋಡಿ ಹುಬ್ಬು ಏರಿಸಿದ. ಮಾತಿದ್ದರೆ, ಬಿಡುವಾಯಿತೇನ್ರಿ ಸಾಹೇಬ್ರ ಅನ್ನುತ್ತಿದ್ದ.

"ಕೇಳು," ಅಂದೆ. ಓದಿದೆ.

"ಬೆಣ್ಣಿಹಳ್ಳ ತುಂಬಿ ಬಂತು, ದಾಟಲಿ ಹ್ಯಾಂಗ ಅಣ್ಣಯ್ಯಾ."

ಇದು ಅವನು ಬೆಣ್ಣಿಹಳ್ಳದ ದಂಡೆಯ ಯಮನೂರು ಜಾತ್ರೆಗೆ ಹೋಗಿ ಬಂದ ವರ್ಷ ಕಟ್ಟಿದ್ದು, ನನಗೆ ನೆನಪಿದೆ. ಕಾಲು ಎದ್ದಿತು. ಕಬ್ಬಿಣಕ್ಕೆ ಬಿತ್ತು. ಟಕಟಕ. ಅವನ ಮುಖದ ಎಡಭಾಗವೆಲ್ಲ ಬೆಳಗಿತು. ಕಾಲು ತಾಳ ಹಾಕುತ್ತ ಎರಡನೆಯ ಸಾಲಿಗೆ ಕಾದಿತು. ಕಾದು ಕಾದು ಕಾಲು ನಿಧಾನವಾಯಿತು. ಅವನು ಹಾಳೆಯ ಕಡೆ ನೋಡಿದ.

ಲಗುಬಗೆಯಿಂದ ಮುಂದಿನದನ್ನು ಓದಿದೆ. "ಕರ್ಬಲಾದಾಗ ಕೂಸು ನೀರು ಕೇಳಿತಲ್ಲೋ." ಮತ್ತೆ ಕಾಲು, ಮತ್ತೆ ಕಾಯುವುದು. "ಕುದುರಿ ಒಂದ ಬಂತು ಮನಿಗೆ, ಮ್ಯಾಲೆ ಯಾರೂ ಇಲ್ಲವ್ವಾ." ಈ ಸಲ ಅವನ ಬಾಯಿಯೂ ಆಡಿತು. ಆ... ಆ... ಎಂದಿತು. ಸಾಲು ಅವನೊಳಗೆ ಇದೆ. ಎಷ್ಟು ಹತ್ತಿರ ಇದೆಯೆಂದರೆ ತುಟಿಯ ಒಳಬದಿಗೆ ಇದೆ. ನಾನು ಬಾಗಿ ಕಿವಿ ಕೊಟ್ಟೆ. ಹೇಳಿದಾಗ ಹಿಡಕೋಬೇಕು ಅನ್ನುತ್ತಿದ್ದನಲ್ಲ, ಹಿಡಿಯಲು ಬೆರಳು ತಯಾರಿದ್ದವು. ಆ... ಎಂಬುದರ ಆಚೆ ಏನೂ ಬರಲಿಲ್ಲ.

ತಡೆಯಲಾರದೆ ನಾನೇ ಒಂದು ಸಾಲು ಕಟ್ಟಿ ಸೇರಿಸಿದೆ. "ಲಗಾಮು ಮಣ್ಣಾಗ ಎಳೀತೈತಿ, ಹಿಡಿಯವರು ಇಲ್ಲವ್ವಾ." ಪ್ರಾಸ ಕೂಡಿತ್ತು, ತಾಳಕ್ಕೂ ಕೂತಿತ್ತು. ಇಷ್ಟು ವರ್ಷ ಅವನ ಪದ ಟೈಪು ಮಾಡಿದವನು, ಅಷ್ಟೂ ಬರಲಿಕ್ಕಿಲ್ಲವೇ.

ಕಾಲು ನಿಂತಿತು.

ಅವನು ನನ್ನನ್ನು ನೋಡಿದ. ಸಿಟ್ಟಿನಿಂದ ನೋಡಿದ್ದರೆ ಚಲೋ ಇತ್ತು. ತಾನು ಹೊಲಿಯಲು ಕೊಟ್ಟ ಬಟ್ಟೆ ಬಿಟ್ಟು ದರ್ಜಿ ಬೇರೆ ಬಟ್ಟೆ ತಂದುಕೊಟ್ಟಾಗ ಗಿರಾಕಿ ಹೇಗೆ ನೋಡುತ್ತಾನೋ ಹಾಗೆ ನೋಡಿದ. ಆಮೇಲೆ ಎಡಗೈ ಎತ್ತಿ, ಕಷ್ಟಪಟ್ಟು, ಬಸ್‌ಸ್ಟ್ಯಾಂಡಿನ ದಿಕ್ಕಿಗೆ, ನನ್ನ ಅಂಗಡಿಯ ದಿಕ್ಕಿಗೆ ಮಾಡಿದ. ಇಲ್ಲಿ ಅಲ್ಲ, ಅಲ್ಲಿ ಐತಿ. ಅಲ್ಲಿ ನೋಡು.

"ಕಾಕಾ, ಮುಂದಿನ ಸಾಲೆಲ್ಲಾ ಬ್ಯಾರೆ ಹಾಳ್ಯಾಗ ಅದಾವೇನು?" ಅಂದಳು ಮಗಳು. "ಮ್ಯಾಳದವ್ರು ಸಂಜಿಗೆ ಬರ್ತಾರ. ಯಾವಾಗ ಕೊಡ್ತೀರಿ?"

ಇಲ್ಲ ಅನ್ನಬೇಕಿತ್ತು. ಬಾಯಿ ತೆರೆದೆ. ಅವನ ಕೈ ಇನ್ನೂ ಇಳಿದಿರಲಿಲ್ಲ.

"ಹುಡುಕಾಕತ್ತೇನಿ," ಅಂದೆ.

ಕೈ ಇಳಿಯಿತು. ಕಾಲು ಮಂಚದ ಸರಳಿನ ಮೇಲೆ ಮೆಲ್ಲಗೆ ಮತ್ತೆ ಆಡತೊಡಗಿತು. ನಾನು ಅಂಗಡಿಗೆ ಬಂದು ಕುರ್ಚಿಯ ಮೇಲೆ ಕೂತೆ. ಹೊಸ ಸಾಫ್ಟ್‌ವೇರುಗಳು ಕೇಳುವ ಮೊದಲೇ ಉತ್ತರ ಕೊಡುತ್ತವೆ, ಅವುಗಳ ಎದುರು ಕೂರುವ ಧೈರ್ಯ ಇರಲಿಲ್ಲ. ಹಳೆಯ ಹುಡುಕುವ ಡಬ್ಬವನ್ನೇ ತೆರೆದು 'ಕರ್ಬಲಾ' ಎಂದು ಹೊಡೆದೆ. ಹಸಿರು ಹುಳ ಹೊರಟಿತು. ಅದು ಪಟ್ಟಿಯ ತುದಿ ಮುಟ್ಟುವವರೆಗೆ ನೋಡುತ್ತ ಕೂತೆ. ಮುಟ್ಟಿದ ಮೇಲೆ ಮತ್ತೊಮ್ಮೆ ಹೊಡೆದೆ.